ಹಂಪನಕಟ್ಟೆಯ ಸನ್ಮಾನ ಸಾಮಗ್ರಿ ಅಂಗಡಿ: ಪೇಟಕ್ಕಿಂತ ಪತ್ರ ಮೇಲು

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಸನ್ಮಾನದ ಸಾಮಗ್ರಿ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಮೈಸೂರು ಪೇಟ, ಜರಿಯಂಚಿನ ಶಾಲು, ಹಾರ, ಹರಿವಾಣ, ಗಾಜಿನ ಸ್ಮರಣಿಕೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಬೆಲೆಯಲ್ಲೂ ಅಂಗಡಿಯಿಂದ ಅಂಗಡಿಗೆ ಹೇಳಿಕೊಳ್ಳುವಂಥ ಅಂತರವಿಲ್ಲ. ನಾನು ಇಲ್ಲಿ ವಿಮರ್ಶಿಸುತ್ತಿರುವ ಅಂಗಡಿಯಲ್ಲೂ ಇವೆಲ್ಲ ಇವೆ. ಆದರೆ ಅಲ್ಲಿಗೆ ಹೋಗಬೇಕಾದದ್ದು ಸನ್ಮಾನ ಪತ್ರಕ್ಕಾಗಿ. ಹಿರಿಯರೊಬ್ಬರು ಮತ್ತು ಡಿಟಿಪಿ ಕೆಲಸ ಮಾಡುವ ಯುವತಿಯೊಬ್ಬರು ಸೇರಿ ನಡೆಸುತ್ತಿರುವ ಈ ಪುಟ್ಟ ಅಂಗಡಿಯ ಹೆಸರನ್ನು ಬರೆಯಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಈಗ ಬರುವ ಕೆಲಸವನ್ನೇ ಹೊತ್ತಿಗೆ ಸರಿಯಾಗಿ ಮುಗಿಸುವುದು ಅವರಿಗೆ ಕಷ್ಟವಾಗಿದೆ. ಕೆ.ಎಸ್. ರಾವ್ ರಸ್ತೆಯ ಕಡೆಗೆ ಹೋಗುವಾಗ ಸಿಗುವ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ವಿಚಾರಿಸಿದರೆ ಸಿಗುತ್ತದೆ ಎಂದಷ್ಟೇ ಹೇಳಬಲ್ಲೆ.

ಕರಾವಳಿಯ ಸಭೆಗಳನ್ನು ಬಲ್ಲವರಿಗೆ ಸನ್ಮಾನ ಪತ್ರದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಶಾಲಾ ವಾರ್ಷಿಕೋತ್ಸವವಿರಲಿ, ಯಕ್ಷಗಾನ ಸಂಘದ ಬೆಳ್ಳಿಹಬ್ಬವಿರಲಿ, ಸನ್ಮಾನಿತರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಪೇಟ ತೊಡಿಸಿ, ಶಾಲು ಹೊದಿಸುವ ಹೊತ್ತಿಗೆ ಒಬ್ಬರು ಧ್ವನಿವರ್ಧಕದ ಮುಂದೆ ನಿಂತು ಪತ್ರವನ್ನು ಓದಿಯೇ ಓದುತ್ತಾರೆ. ದುರದೃಷ್ಟವೆಂದರೆ ಆ ಪತ್ರಗಳಲ್ಲಿ ಬಹುಪಾಲು ಯಾರಿಗೆ ಬೇಕಾದರೂ ಹೊಂದಿಕೊಳ್ಳುವಂಥವು. ಕೊಡುಗೈ ದಾನಿ, ಶಿಕ್ಷಣಪ್ರೇಮಿ, ಸರಳ ಸಜ್ಜನಿಕೆಯ ಸಾಕಾರಮೂರ್ತಿ ಎಂಬ ಮಾತುಗಳ ನಡುವೆ ಹೆಸರನ್ನು ಮಾತ್ರ ಬದಲಿಸಿದರೆ ಕಳೆದ ವರ್ಷದ ಪತ್ರ ಈ ವರ್ಷಕ್ಕೂ ನಡೆಯುತ್ತದೆ. ಹಣವಂತರಾದ ದಾನಿಗಳಿಗೆ ಇದರಿಂದ ದೊಡ್ಡ ನಷ್ಟವೇನೂ ಇಲ್ಲ, ಅವರ ಹೆಸರು ಕಟ್ಟಡದ ಕಲ್ಲಿನ ಮೇಲಾದರೂ ಇರುತ್ತದೆ. ಶಾಲೆಯ ಮೆಟ್ಟಿಲು ಹತ್ತಲಾಗದ ಮಕ್ಕಳನ್ನು ಕೈಹಿಡಿದು ಒಳಗೆ ತಂದವರ ಕೆಲಸ ಹಾಗೆ ಕಲ್ಲಿನಲ್ಲಿ ಉಳಿಯುವಂಥದ್ದಲ್ಲ. ಅದನ್ನು ಸರಿಯಾಗಿ ಬರೆದಿಡದಿದ್ದರೆ ಊರಿಗೆ ಅದು ಮರೆತೇ ಹೋಗುತ್ತದೆ.

ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹಳೆ ವಿದ್ಯಾರ್ಥಿಗಳ ಬಳಗದಿಂದ ಸನ್ಮಾನಿಸಬೇಕೆಂದು ನಾವು ನಿರ್ಧರಿಸಿದ್ದು ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಮಹಿಳೆಯನ್ನು. ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕಾಗಿ ಮಂಗಳೂರಿಗೆ ಬಂದು, ಕೆಲಸ ನಡೆಯುವ ಜಾಗದಲ್ಲೇ ತಗಡಿನ ಶೆಡ್ಡುಗಳಲ್ಲಿ ಉಳಿಯುವ ಕುಟುಂಬಗಳ ಮಕ್ಕಳನ್ನು ಅವರು ವರ್ಷಗಳಿಂದ ನಮ್ಮ ಶಾಲೆಗೆ ಸೇರಿಸುತ್ತಾ ಬಂದಿದ್ದಾರೆ. ಆ ತಾಯಂದಿರು ಅವರನ್ನು ಅಕ್ಕಾರು ಎನ್ನುತ್ತಾರೆ, ಮಕ್ಕಳು ಟೀಚರ್ ಎನ್ನುತ್ತಾರೆ. ನಾವು ಅಂಗಡಿಗೆ ಒಯ್ದ ಕರಡು ಪತ್ರ ವಾಡಿಕೆಯ ಧಾಟಿಯಲ್ಲೇ ಇತ್ತು. ಅಂಗಡಿಯ ಹಿರಿಯರು ಅದನ್ನು ಕೊನೆಯವರೆಗೂ ಓದಿ, ಮಡಿಸಿ ಬದಿಗಿಟ್ಟು, ಒಂದು ಖಾಲಿ ಹಾಳೆ ತೆಗೆದುಕೊಂಡು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: ‘ಆ ಮಕ್ಕಳು ಮೊದಲು ಶಾಲೆಗೆ ಯಾಕೆ ಬರುತ್ತಿರಲಿಲ್ಲ?’

ಈ ಒಂದು ಪ್ರಶ್ನೆಯಲ್ಲೇ ಅಂಗಡಿಯ ಯೋಗ್ಯತೆ ನನಗೆ ಮನದಟ್ಟಾಯಿತು. ಬಡತನ ಎಂಬ ಉತ್ತರವನ್ನು ಅವರು ಒಪ್ಪಲಿಲ್ಲ. ಬಡತನದಲ್ಲಿ ಯಾವುದು ಅಡ್ಡ ಬಂತು ಎಂದು ಮತ್ತೆ ಕೇಳಿದರು. ಆಗ ಒಂದೊಂದೇ ಸಂಗತಿ ಹೊರಬಂತು. ಊರಿನ ಶಾಲೆಯಿಂದ ವರ್ಗಾವಣೆ ಪತ್ರ ತಂದಿರದಿದ್ದುದು ಒಂದು ಕಾರಣ. ವಯಸ್ಸು ಹತ್ತಾದರೂ ಅಕ್ಷರ ಬಾರದ ಮಗುವನ್ನು ಯಾವ ತರಗತಿಗೆ ಸೇರಿಸುವುದೆಂಬ ಗೊಂದಲ ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಕಾರಣವೆಂದರೆ, ತಾಯಿ ಸಿಮೆಂಟು ಹೊರಲು ಹೋದಾಗ ಕೈಗೂಸನ್ನು ನೋಡಿಕೊಳ್ಳುವ ಹೊಣೆ ಮನೆಯ ಹಿರಿಯ ಹೆಣ್ಣುಮಗುವಿನ ಮೇಲೆ ಬೀಳುತ್ತಿತ್ತು. ನಮ್ಮ ಸನ್ಮಾನಿತರು ಮೊದಲು ಮಾಡಿದ ಕೆಲಸ ಪಾಠ ಹೇಳುವುದಾಗಿರಲಿಲ್ಲ. ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆ ಕೈಗೂಸುಗಳನ್ನು ಹಗಲಿಡೀ ನೋಡಿಕೊಳ್ಳುವ ವ್ಯವಸ್ಥೆ ಮಾಡಿದರು, ಅದರಿಂದ ಅಕ್ಕಂದಿರು ಶಾಲೆಗೆ ಹೋಗುವಂತಾಯಿತು. ಇದು ನಮ್ಮ ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ. ಈಗ ಅದು ಪತ್ರದ ಎರಡನೆಯ ವಾಕ್ಯ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ಹಿಂದೆ ಕಳಿಸುವಂತಿಲ್ಲ. ಶಾಲೆಗೆ ಹೋಗದೆ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು. ಕಾಯ್ದೆಯಲ್ಲಿ ಇಷ್ಟು ಸ್ಪಷ್ಟವಾಗಿದ್ದರೂ ಶೆಡ್ಡಿನಲ್ಲಿರುವ ತಂದೆತಾಯಿಗೆ ಅದನ್ನು ತಿಳಿಸಿ, ಅವರ ಜೊತೆ ಮುಖ್ಯೋಪಾಧ್ಯಾಯರ ಕೋಣೆಯವರೆಗೂ ಬರುವ ಒಬ್ಬರು ಬೇಕಾಗುತ್ತದೆ. ಅಂಗಡಿಯ ಹಿರಿಯರು ಈ ವಿಷಯವನ್ನು ಕಾಯ್ದೆಯ ಕಲಮುಗಳ ಭಾರವಿಲ್ಲದೆ ಒಂದೇ ಮಾತಿನಲ್ಲಿ ಹಿಡಿದರು: ‘ಕಾಗದವಿಲ್ಲದ ಮಗುವಿಗೂ ಶಾಲೆಯ ಬಾಗಿಲು ತೆರೆದಿದೆ ಎಂದು ಹೆತ್ತವರಿಗೆ ತಿಳಿಹೇಳಿ, ಆ ಬಾಗಿಲವರೆಗೂ ಅವರ ಜೊತೆ ನಡೆದು ಬಂದವರು ತಾವು.’ ಇಡೀ ಪತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ವಾಕ್ಯ ಇದು. ಹೊಗಳಿಕೆಯ ವಿಶೇಷಣ ಒಂದೂ ಇಲ್ಲದಿದ್ದರೂ ಇದನ್ನು ಮೀರಿಸುವ ಹೊಗಳಿಕೆ ಇರಲಾರದು.

ಇಂಥ ಬರವಣಿಗೆಗೆ ಮಂಗಳೂರಿನಲ್ಲೇ ಎಷ್ಟು ಒಳ್ಳೆಯ ಆಧಾರಗಳಿವೆ ಎಂಬುದನ್ನು ಹಿರಿಯರ ಮಾತು ಕೇಳುತ್ತಾ ನೆನೆದುಕೊಂಡೆ. ಹರೇಕಳ ಹಾಜಬ್ಬನವರನ್ನು ಅಕ್ಷರ ಸಂತ ಎಂದು ನಾವೆಲ್ಲ ಕರೆಯುತ್ತೇವೆ, ಆ ಬಿರುದು ಅವರಿಗೆ ಸಲ್ಲಬೇಕಾದದ್ದೇ. ಆದರೆ ಅವರನ್ನು ಅರಿಯದ ಒಬ್ಬರಿಗೆ ಅವರ ಬಗ್ಗೆ ಹೇಳಬೇಕಾದರೆ ಬಿರುದು ಸಾಲದು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ, ತನ್ನೂರಿನ ಮಕ್ಕಳಿಗೆ ಈ ಸ್ಥಿತಿ ಬರಬಾರದೆಂದು ನಿಶ್ಚಯಿಸಿದವರು. ನ್ಯೂಪಡ್ಪುವಿನಲ್ಲಿ ಶಾಲೆಯಾಗುವವರೆಗೂ ಕಚೇರಿಯಿಂದ ಕಚೇರಿಗೆ ಅಲೆದವರು. ತಮಗೆ ಬಂದ ಪ್ರಶಸ್ತಿಯ ಹಣವನ್ನೂ ಶಾಲೆಗೇ ಸುರಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲೇ ನಡೆದು ಹೋಗಿ ಅದನ್ನು ಸ್ವೀಕರಿಸಿದರು. ಅವರ ಸನ್ಮಾನ ಪತ್ರಕ್ಕೆ ಇದಕ್ಕಿಂತ ಬೇರೆ ಅಲಂಕಾರ ಬೇಕೆ?

ಕುದ್ಮುಲ್ ರಂಗರಾಯರ ವಿಷಯವೂ ಹಾಗೆಯೇ. ಅವರ ಹೆಸರಿನ ಪುರಭವನದಲ್ಲಿ ವರ್ಷವಿಡೀ ಸನ್ಮಾನಗಳು ನಡೆಯುತ್ತವೆ. ದಲಿತ ಮಕ್ಕಳಿಗೆಂದು 1892ರಲ್ಲೇ ಈ ಊರಿನಲ್ಲಿ ಶಾಲೆ ತೆರೆದು, ಅದಕ್ಕಾಗಿ ತಮ್ಮ ಜಾತಿಯವರಿಂದ ಬಹಿಷ್ಕಾರವನ್ನೂ ಅನುಭವಿಸಿದವರು ಅವರು ಎಂಬುದನ್ನು ಆ ವೇದಿಕೆಯ ಮೇಲೆ ನೆನೆಯುವವರು ವಿರಳ. ಪ್ರತಿ ಸನ್ಮಾನಕ್ಕೂ ಮುನ್ನ ಆ ಎರಡು ಸಾಲನ್ನು ಅಲ್ಲಿ ಓದಿದರೆ ಚೆನ್ನ ಎಂದು ನನಗೆ ಬಹುಕಾಲದಿಂದ ಅನ್ನಿಸುತ್ತಿದೆ.

ಪತ್ರದ ಅಚ್ಚಿನ ಕೆಲಸಕ್ಕೆ ಬರೋಣ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಯೂನಿಕೋಡ್ ಪಠ್ಯವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಾಯಿಸುವಾಗ ಒತ್ತಕ್ಷರಗಳು ಒಡೆಯುವುದು, ಅರ್ಕಾವತ್ತು ಜಾಗ ತಪ್ಪುವುದು ಡಿಟಿಪಿ ಅಂಗಡಿಗಳಲ್ಲಿ ನಿತ್ಯದ ತೊಂದರೆ. ಇಲ್ಲಿನ ಯುವತಿ ಆ ಬದಲಾವಣೆಯನ್ನು ನಂಬುವುದೇ ಇಲ್ಲ, ಇಡೀ ಪಠ್ಯವನ್ನು ಹೊಸದಾಗಿ ಬೆರಳಚ್ಚು ಮಾಡುತ್ತಾರೆ. ಕರಡಚ್ಚು ಬಂದ ಮೇಲೆ ಹಿರಿಯರು ಅದನ್ನು ಗಟ್ಟಿಯಾಗಿ ಓದುತ್ತಾರೆ, ಆಕೆ ಮೂಲವನ್ನು ಹಿಡಿದು ತಾಳೆ ನೋಡುತ್ತಾರೆ. ಗಟ್ಟಿಯಾಗಿ ಓದುವುದು ತಪ್ಪು ಹಿಡಿಯಲಿಕ್ಕೆ ಮಾತ್ರವಲ್ಲ. ಸಭೆಯಲ್ಲಿ ಓದುವವರಿಗೆ ಉಸಿರು ಎಲ್ಲಿ ಸಾಲುವುದಿಲ್ಲ ಎಂದು ಗೊತ್ತಾಗುವುದು ಆಗಲೇ. ಅಂಥ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು ವಾಕ್ಯವನ್ನು ಎರಡಾಗಿಸುತ್ತಾರೆ. ನಮ್ಮ ಪತ್ರದಲ್ಲಿ ‘ವಲಸೆ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಬಲೀಕರಣ’ ಎಂದಿದ್ದುದನ್ನು ‘ದುಡಿಯಲು ಬಂದವರ ಮಕ್ಕಳ ಓದು’ ಎಂದು ಬದಲಿಸಿದ್ದು ಹೀಗೆ ಓದುವಾಗಲೇ. ಸಭೆಗೆ ಯಾರು ಬರುತ್ತಾರೆ ಎಂದು ಅವರು ಮೊದಲೇ ಕೇಳಿ ತಿಳಿದಿದ್ದರು. ಆ ಮಕ್ಕಳ ತಾಯಂದಿರಲ್ಲಿ ಹಲವರಿಗೆ ಓದಲು ಬಾರದು, ಅವರ ಪಾಲಿಗೆ ಪತ್ರವೆಂದರೆ ಕಿವಿಗೆ ಬಿದ್ದಷ್ಟೇ.

ಸಭೆಯ ದಿನ ಇದರ ಫಲ ಕಂಡಿತು. ಸಾಮಾನ್ಯವಾಗಿ ಪತ್ರ ಓದುವ ಹೊತ್ತು ಸಭಿಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಹೊತ್ತು. ಅಂದು ಕೈಗೂಸಿನ ವಾಕ್ಯ ಬಂದಾಗ ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ‘ಖರೇ ಐತ್ರಿ’ ಎಂದು ಗಟ್ಟಿಯಾಗಿಯೇ ಹೇಳಿದರು, ಸುತ್ತಲಿನವರು ತಲೆಯಾಡಿಸಿದರು. ಸನ್ಮಾನದ ಮಾತಿಗೆ ಸಭೆಯೇ ಸಾಕ್ಷಿ ನುಡಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಉಳಿದ ಸಾಮಗ್ರಿಗಳು. ಪೇಟ ಹೊಲಿದು ಸಿದ್ಧವಾಗಿರುವ ಮಾದರಿಯದು, ಜರಿ ಸಾಧಾರಣ; ತಲೆಯ ಅಳತೆ ಕೇಳಿ ಕೊಡುತ್ತಾರೆ ಎಂಬುದೊಂದು ಅನುಕೂಲ. ಶಾಲು ತೆಳು. ಸ್ಮರಣಿಕೆಗಳಲ್ಲಿ ಆರಿಸಿಕೊಳ್ಳುವಂಥದ್ದು ಏನೂ ಇಲ್ಲ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹೂಗುಚ್ಛದ ಬದಲು ಕನ್ನಡ ಪುಸ್ತಕ ಕೊಡಬೇಕೆಂದು 2021ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಸೂಚಿಸಿತ್ತು. 2023ರಲ್ಲಿ ಮುಖ್ಯಮಂತ್ರಿಯಾದಾಗ ಸಿದ್ದರಾಮಯ್ಯನವರೂ ಹಾರ, ಶಾಲಿನ ಬದಲು ಪುಸ್ತಕ ಕೊಡಿ ಎಂದು ಕೋರಿದ್ದರು. ಅಂಗಡಿಯಲ್ಲಿ ಅದಕ್ಕೆ ತಕ್ಕಂತೆ ಪುಸ್ತಕಗಳಿಗೆ ಹೊದಿಕೆ ಹಾಕಿ, ಒಳಪುಟದಲ್ಲಿ ಸನ್ಮಾನಿತರ ಹೆಸರು ಬರೆದುಕೊಡುವ ಏರ್ಪಾಡೂ ಇದೆ. ನಾವು ಶಾಲು ಮತ್ತು ಪೇಟವನ್ನು ಉಳಿಸಿಕೊಂಡೆವು. ಊರಿನ ಶ್ರೀಮಂತರಿಗೆಲ್ಲ ಪೇಟ ತೊಡಿಸಿದ ವೇದಿಕೆಯಲ್ಲಿ ಶೆಡ್ಡಿನ ಮಕ್ಕಳ ಅಕ್ಕಾರಿಗೆ ಪುಸ್ತಕ ಮಾತ್ರ ಕೊಟ್ಟು ಕಳಿಸುವುದು ನಮಗೆ ಸರಿಕಾಣಲಿಲ್ಲ. ಹಾರದ ಹಣಕ್ಕೆ ಮಾತ್ರ ಶಾಲೆಯ ಗ್ರಂಥಾಲಯಕ್ಕೆ ಮಕ್ಕಳ ಪುಸ್ತಕ ತಂದೆವು, ಸನ್ಮಾನಿತರ ಇಚ್ಛೆಯೂ ಅದೇ ಆಗಿತ್ತು.

ಕೊರತೆಗಳನ್ನೂ ಹೇಳಬೇಕು. ಒಪ್ಪಿದ ದಿನಕ್ಕೆ ಪತ್ರ ಸಿದ್ಧವಿರಲಿಲ್ಲ, ಮರುದಿನ ಸಂಜೆ ಮತ್ತೆ ಹೋಗಬೇಕಾಯಿತು. ಚೌಕಟ್ಟಿನ ಗಾಜಿನ ಹಿಂದೆ ಹಾಕಿದ ರಟ್ಟು ತೀರಾ ಸಾಧಾರಣದ್ದು, ಕರಾವಳಿಯ ಮಳೆಗಾಲದ ತೇವಕ್ಕೆ ಪತ್ರ ಅಲೆಯೇಳುವ ಭಯವಿದೆ. ಕೇಳಿದರೆ ಫೋಮ್ ಹಲಗೆ ಹಾಕಿಕೊಡುತ್ತಾರೆ, ಅದನ್ನು ಕೇಳದೆಯೇ ಹೇಳಬೇಕಿತ್ತು. ಬರೆದುಕೊಡುವುದು, ಅಚ್ಚು, ಚೌಕಟ್ಟು ಸೇರಿ ನಮ್ಮ ಪತ್ರಕ್ಕೆ ತೆಗೆದುಕೊಂಡದ್ದು 1,600 ರೂಪಾಯಿ. ಬರವಣಿಗೆಗೆ ಪ್ರತ್ಯೇಕವಾಗಿ ಏನನ್ನೂ ಹಾಕಿರಲಿಲ್ಲ. ಅಷ್ಟು ಹೊತ್ತಿನ ಶ್ರಮಕ್ಕೆ ಬೆಲೆ ಕಟ್ಟದಿರುವುದು ನನ್ನ ದೃಷ್ಟಿಯಲ್ಲಿ ಅವರಿಗೆ ಅವರೇ ಮಾಡಿಕೊಳ್ಳುವ ಅನ್ಯಾಯ.

ಶಾಲೆಗಳ ವಾರ್ಷಿಕೋತ್ಸವ ಡಿಸೆಂಬರ್, ಜನವರಿಯಲ್ಲಿ ಒತ್ತೊತ್ತಾಗಿ ಬರುವುದರಿಂದ ನವೆಂಬರಿನಲ್ಲೇ ಅಲ್ಲಿಗೆ ಹೋಗುವುದು ಒಳ್ಳೆಯದು. ಸನ್ಮಾನಿತರನ್ನು ಹತ್ತಿರದಿಂದ ಬಲ್ಲ ಒಬ್ಬರು, ಸಾಧ್ಯವಾದರೆ ಅವರಿಂದ ಓದಿದ ಮಗುವೊಂದರ ಮನೆಯವರು, ಜೊತೆಗೆ ಬರಲಿ. ಸಮಿತಿಯ ಪದಾಧಿಕಾರಿಗಳು ಮಾತ್ರ ಹೋದರೆ ಹಿರಿಯರ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಪತ್ರದ ಇನ್ನೊಂದು ಪ್ರತಿಯನ್ನು ಚೌಕಟ್ಟಿಲ್ಲದೆ ಮುದ್ರಿಸಿ ಪಡೆದು ಶಾಲೆಯ ದಾಖಲೆಗಳ ಜೊತೆ ಇಡಿಸಿ. ಅದಕ್ಕೆ ಅವರು ಕಾಗದದ ಬೆಲೆಯನ್ನಷ್ಟೇ ತೆಗೆದುಕೊಳ್ಳುತ್ತಾರೆ.