ಕುಂಬಳೆಯ ಸೆಕೆಗೂ ಶ್ರುತಿ ಬಿಡದ ಜೂನೋ-106

ರೋಲ್ಯಾಂಡ್ ಕಂಪನಿಯ ಜೂನೋ-106 ಸಿಂತಸೈಜರ್ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್, ಚಿಕ್ಕದಾಗಿ ಸಿಂತ್) ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಹಲವು ವರ್ಷಗಳಾದವು. ಕುಂಬಳೆ ಕಡೆಯ ಮದುವೆ ಹಾಲ್‌ಗಳಲ್ಲಿ, ಊರಿನ ಭಜನಾ ಮಂದಿರದಲ್ಲಿ ಇದನ್ನೇ ನುಡಿಸುತ್ತೇನೆ. ಬೇರೆ ಏನೇ ತಕರಾರು ಮಾಡಿದರೂ ಶ್ರುತಿ ಮಾತ್ರ ಒಮ್ಮೆಯೂ ಜಾರಿಲ್ಲ.

ಕಾರಣ ಒಳಗಿರುವ ಡಿಸಿಒ, ಅಂದರೆ ಡಿಜಿಟಲಿ ಕಂಟ್ರೋಲ್ಡ್ ಆಸಿಲೇಟರ್. ಆಸಿಲೇಟರ್ ಎಂದರೆ ನಾದದ ಅಲೆ ಹುಟ್ಟಿಸುವ ಭಾಗ. ಹೆಸರಿನಲ್ಲಿ ಡಿಜಿಟಲ್ ಇದೆ ಅಂತ ಸುಮ್ನೆ ಮೂಗು ಮುರಿಯುವವರು ಈಗಲೂ ಇದ್ದಾರೆ. ನಾದ ಹುಟ್ಟುವುದು ಅನಲಾಗ್ ಸರ್ಕ್ಯೂಟಿನಲ್ಲೇ. ವಿದ್ಯುತ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಒಂದೇ ಸಮನೆ ಚಾರ್ಜ್ ಆಗುತ್ತದೆ, ಥಟ್ಟನೆ ಖಾಲಿಯಾಗುತ್ತದೆ, ಮತ್ತೆ ತುಂಬುತ್ತದೆ. ಅದೇ ಗರಗಸದ ಹಲ್ಲಿನಂಥ ಸಾ-ಟೂತ್ ಅಲೆ. ಯಾವಾಗ ಖಾಲಿ ಮಾಡಬೇಕು ಎನ್ನುವುದಷ್ಟೇ ಡಿಜಿಟಲ್ ಲೆಕ್ಕ. ಕ್ರಿಸ್ಟಲ್ ಕ್ಲಾಕ್ ಸೆಕೆಂಡಿಗೆ 10 ಲಕ್ಷ ಸಲ ಮಿಡಿಯುತ್ತದೆ ಅಂದುಕೊಳ್ಳಿ. 440 ಹರ್ಟ್ಸ್ ಬೇಕಾದರೆ ಕೌಂಟರ್ 2273 ಮಿಡಿತ ಎಣಿಸಿ ಒಂದು ರೀಸೆಟ್ ಕೊಡುತ್ತದೆ. ಸಿಗುವುದು 439.95. ಯಾವ ಭಾಗವತರ ಕಿವಿಗೂ ಈ ವ್ಯತ್ಯಾಸ ಸಿಗಲಿಕ್ಕಿಲ್ಲ!

ಇಲ್ಲೊಂದು ತೊಡಕಿದೆ. ಸ್ವರ ಏರಿದಷ್ಟೂ ಕೆಪಾಸಿಟರ್ ತುಂಬಲು ಸಮಯ ಕಡಿಮೆ. ಹಾಗೇ ಬಿಟ್ಟರೆ ಅಲೆ ಗಿಡ್ಡವಾಗಿ ತಾರಸ್ಥಾಯಿಯಲ್ಲಿ ದನಿ ಸೊರಗುತ್ತದೆ. ಅರ್ಧ ಹೊತ್ತಿನಲ್ಲಿ ಕೊಡಪಾನ ತುಂಬಬೇಕಾದರೆ ನಲ್ಲಿ ಜಾಸ್ತಿ ತಿರುಗಿಸಬೇಕಲ್ವಾ? ಒಂದು ಸ್ಥಾಯಿ ಮೇಲೆ ಹೋದಾಗ ಪ್ರೊಸೆಸರ್ ಚಾರ್ಜಿಂಗ್ ಕರೆಂಟನ್ನೂ ದುಪ್ಪಟ್ಟು ಮಾಡುತ್ತದೆ. ಇಡೀ ಯಂತ್ರದಲ್ಲಿ ನನಗೆ ತುಂಬ ಹಿಡಿಸಿದ ಜಾಣತನ ಇದು.

ಹಳೆಯ ವಿಸಿಒ (ವೋಲ್ಟೇಜ್ ಕಂಟ್ರೋಲ್ಡ್ ಆಸಿಲೇಟರ್) ಸಿಂತ್‌ಗಳಲ್ಲಿ ಸ್ವರ ನಿಂತಿರುವುದು ವೋಲ್ಟೇಜಿನ ಮೇಲೆ, ಬಿಸಿ ಏರಿದರೆ ಅದು ಸರಿಯುತ್ತದೆ. ಅಂಥದ್ದೇ ಸಿಂತ್ ಆದ ಪ್ರಾಫೆಟ್-5ರಲ್ಲಿ ಟ್ಯೂನ್ ಬಟನ್ ಇಟ್ಟದ್ದೇ ಅದಕ್ಕೆ. ನಮ್ಮ ಏಪ್ರಿಲ್ ಸೆಕೆಯಲ್ಲಿ, ಶಾಮಿಯಾನದ ಕೆಳಗೆ, ಅಂಥದ್ದನ್ನು ಇಟ್ಟುಕೊಂಡು ಯಾರು ಒದ್ದಾಡುತ್ತಾರೆ? ಹಾರ್ಮೋನಿಯಂ ಸ್ವಲ್ಪ ಏರಿದ್ದರೆ ನಾನು ಜೂನೋದ ಹಿಂಬದಿಯ ಟ್ಯೂನ್ ನಾಬ್ ತಿರುಗಿಸಿ ಸೇರಿಸಿಕೊಳ್ಳುತ್ತೇನೆ. ಹಾಡುವವರು "ಕಪ್ಪು ಎರಡು" (ಎರಡನೇ ಕಪ್ಪು ಕೀಲಿಯ ಶ್ರುತಿ) ಅಂದರೆ ಎಲ್ಲ ಕೀಲಿಗಳ ಸ್ವರವನ್ನೂ ಒಟ್ಟಿಗೆ ಸರಿಸುವ ಟ್ರಾನ್ಸ್‌ಪೋಸ್. ಮಂಗಳಾರತಿವರೆಗೆ ಮತ್ತೆ ಮುಟ್ಟುವ ಕೆಲಸವಿಲ್ಲ.

ಈ ನೆಟ್ಟಗಿನ ಗುಣವೇ ಕೆಲವೊಮ್ಮೆ ಬೇಜಾರು. ಒಟ್ಟು ಆರು ವಾಯ್ಸ್ (ಅಂದರೆ ಒಮ್ಮೆಗೆ ಆರು ಸ್ವರ), ಒಂದೊಂದಕ್ಕೂ ಒಂದೇ ಆಸಿಲೇಟರ್. ಎರಡನ್ನು ಚೂರು ಹೆಚ್ಚುಕಡಿಮೆ ಮಾಡಿ ದಪ್ಪ ನಾದ ತೆಗೆಯಲು ಆಗುವುದಿಲ್ಲ. ಆ ಕೊರತೆ ತುಂಬುವುದು ಒಂದೇ ದನಿಯನ್ನು ಹಲವು ದನಿಗಳಂತೆ ಕೇಳಿಸುವ ಕೋರಸ್. ಅದನ್ನು ಒತ್ತಿದ ಕೂಡಲೇ ಹಾಲ್ ತುಂಬುತ್ತದೆ, ಜೊತೆಗೆ ಸಣ್ಣ "ಸ್ಸ್" ಸದ್ದೂ ಬರುತ್ತದೆ. ಕೀಲಿಯನ್ನು ಮೆಲ್ಲ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ದನಿ. ಕಡಲ ಗಾಳಿಗೆ ಸ್ಲೈಡರ್‌ಗಳು ಮಳೆಗಾಲ ಮುಗಿಯುವಷ್ಟರಲ್ಲಿ ಕರಕರ ಅನ್ನುತ್ತವೆ, ಕ್ಲೀನರ್ ಸ್ಪ್ರೇ ಮನೆಯಲ್ಲಿರಲಿ.

ಕೊಳ್ಳುವವರು ನೋಡಬೇಕಾದದ್ದು ಡಿಸಿಒ ಅಲ್ಲ, 80017ಎ ಎಂಬ, ದನಿಯ ಹೊಳಪು ಹೆಚ್ಚುಕಡಿಮೆ ಮಾಡುವ ಫಿಲ್ಟರ್ ಚಿಪ್. ಮೇಲಿನ ರೆಸಿನ್ ಲೇಪದಿಂದಾಗಿ ಅದು ಕೆಡುವುದು ಈ ಮಾಡೆಲ್‌ನ ಹೆಸರಾಂತ ಕಾಯಿಲೆ. ನನ್ನದರಲ್ಲಿ ಮಾರಿದವರೇ ಬದಲಿಸಿದ್ದರು. ಕೀ ಟ್ರಾನ್ಸ್‌ಪೋಸ್ ಒತ್ತಿಹಿಡಿದು ಪವರ್ ಆನ್ ಮಾಡಿದರೆ ಟೆಸ್ಟ್ ಮೋಡ್ ಬರುತ್ತದೆ. ಒಂದೊಂದೇ ಕೀಲಿ ಒತ್ತುತ್ತಾ ಹೋಗಿ, ಯಾವ ವಾಯ್ಸ್ ನುಡಿಯುತ್ತಿದೆ ಎಂದು ಡಿಸ್ಪ್ಲೇ ತೋರಿಸುತ್ತದೆ. ಒಂದು ಮಂಕಾಗಿ ಬಂದರೂ ಬೆಲೆ ಇಳಿಸಿ ಕೇಳಿ. ಜಪಾನಿನ ಪೀಸ್ ಆದರೆ 100 ವೋಲ್ಟ್‌ನದು, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್‌ಗೆ ಹಾಕಲೇಬೇಡಿ.