ಬೆರಳಚ್ಚು ಹಾಜರಿ ಮೆಷಿನ್: ವರ್ಷಗಟ್ಟಲೆ ಬಳಸಿದ ಮೇಲೆ

ಮೆಷಿನ್‌ಗೆ ಐದರಲ್ಲಿ ನಾಲ್ಕು ಸ್ಟಾರ್, ಜೊತೆಗೆ ಕೊಡುವ ಸಾಫ್ಟ್‌ವೇರ್‌ಗೆ ಎರಡೇ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ಗೇಟಿನಲ್ಲಿ ಕಾಣುವ ಮಾಮೂಲಿ ಬೆರಳಚ್ಚು ಮೆಷಿನ್ ಇದು.

ಬೆರಳು ಓದುವುದರಲ್ಲಿ ತಕರಾರು ಕಡಿಮೆ. ವಾಷಿಂಗ್ ಸೆಕ್ಷನ್‌ನವರ ಬೆರಳಿನ ಗೆರೆ ಸವೆದಿರುತ್ತದೆ, ಅವರದು ಎರಡೂ ಕೈಯ ಎರಡೆರಡು ಬೆರಳು ದಾಖಲಿಸಿಡಿ. ಆಗಲೂ ಹಿಡಿಯದಿದ್ದರೆ ಕಾರ್ಡ್ ಕೊಡಬೇಕು. ಗಾಜನ್ನು ದಿನಕ್ಕೊಮ್ಮೆ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ. ಒಬ್ಬರಿಗೆ 3 ಸೆಕೆಂಡ್ ಎಂದರೂ 300 ಜನರ ಸಾಲು ಕರಗಲು 15 ನಿಮಿಷ ಬೇಕು. ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದವಳೂ ಸಾಲಿನ ಕೊನೆಯಲ್ಲಿದ್ದರೆ ಲೇಟ್! ನೂರು ಜನಕ್ಕೆ ಒಂದು ಮೆಷಿನ್ ಬೇಕೇ ಬೇಕು. ಒಳಗಿನ ಬಟನ್ ಸೆಲ್ ಸತ್ತರೆ ಕರೆಂಟ್ ಹೋಗಿ ಬಂದಾಗ ತಾರೀಖು ತಪ್ಪುತ್ತದೆ, ಆ ದಿನದ ಪಂಚ್ (ಬೆರಳಿಟ್ಟ ದಾಖಲೆ) ರಿಪೋರ್ಟಿನಲ್ಲಿ ಸಿಗುವುದಿಲ್ಲ.

ಸಂಬಳಕ್ಕೆ ಕತ್ತರಿ ಬೀಳುವುದು ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನಲ್ಲಿ. ರೌಂಡಿಂಗ್ ಅನ್ನು, ಅಂದರೆ ಬಿಡಿ ನಿಮಿಷಗಳನ್ನು ಸರಿಹೊಂದಿಸುವ ಲೆಕ್ಕವನ್ನು, 15 ನಿಮಿಷಕ್ಕೆ, ಅದೂ ಕೆಳಮುಖವಾಗಿ ಇಟ್ಟರೆ 6:14ಕ್ಕೆ ಹೊರಟವರ ಲೆಕ್ಕ 6:00ಕ್ಕೇ ನಿಲ್ಲುತ್ತದೆ. ದಿನಕ್ಕೆ 14 ನಿಮಿಷ ಹೋದರೆ 26 ದಿನಕ್ಕೆ 6 ಗಂಟೆ 4 ನಿಮಿಷ. ಓಟಿಗೆ (ಪಾಳಿ ಮೀರಿದ ದುಡಿಮೆಗೆ) ಕಾನೂನಿನ ಪ್ರಕಾರ ದುಪ್ಪಟ್ಟು ಕೂಲಿ, ಹಾಗಾಗಿ ಕೈತಪ್ಪುವುದು ಒಂದೂವರೆ ದಿನದ ಸಂಬಳ. ಊಟದ ಅರ್ಧ ಗಂಟೆಯನ್ನು ತಾನಾಗಿಯೇ ಕಳೆಯುವ ಸೆಟ್ಟಿಂಗ್ ಇನ್ನೊಂದು. ಟಾರ್ಗೆಟ್ ಮುಗಿಸಲು ಊಟಕ್ಕೆ ಏಳದವರಿಗೂ ಅದು ಕಳೆಯುತ್ತದೆ.

'ಮೂರು ಲೇಟ್‌ಗೆ ಅರ್ಧ ದಿನ ಕಟ್' ಎಂಬ ಆಯ್ಕೆಯೂ ಇದೆ. ಸಾಫ್ಟ್‌ವೇರ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಅದು ಕಾನೂನುಬದ್ಧವಲ್ಲ. ಹತ್ತು ನಿಮಿಷ ತಡವಾದರೆ ಹತ್ತು ನಿಮಿಷದ ಕೂಲಿ ಹಿಡಿಯಬಹುದು, ಅದಕ್ಕಿಂತ ಹೆಚ್ಚು ಹಿಡಿದರೆ ತಪ್ಪು.

ರಾತ್ರಿ ಪಾಳಿಯವರು ಒಂದನ್ನು ವಿಚಾರಿಸಿಕೊಳ್ಳಿ. ದಿನದ ಗಡಿ ಮಧ್ಯರಾತ್ರಿ 12ಕ್ಕೇ ಇದ್ದರೆ ರಾತ್ರಿ 10ರ ಇನ್ ಒಂದು ದಿನಕ್ಕೆ, ಬೆಳಗ್ಗೆ 6ರ ಔಟ್ ಮರುದಿನಕ್ಕೆ ಬಿದ್ದು ಎರಡೂ ದಿನ ಮಿಸ್ ಪಂಚ್ ಆಗುತ್ತದೆ. ಆ ಪಾಳಿಗೆ ಗಡಿಯನ್ನು ಮಧ್ಯಾಹ್ನ 12ಕ್ಕೆ ಇಡಿಸಬೇಕು.

ಟೈಮ್ ಆಫೀಸ್‌ನವರು ಕಂಪ್ಯೂಟರಿನಲ್ಲಿ ಸಮಯ ತಿದ್ದಿದರೂ ಮೆಷಿನ್ ಒಳಗಿನ ಮೂಲ ಲಾಗ್ ಅಳಿಸುವ ತನಕ ಹಾಗೇ ಇರುತ್ತದೆ, ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬಹುದು. ಅದರಲ್ಲಿರುವುದು ಐಡಿ ನಂಬರ್, ತಾರೀಖು, ಸಮಯ. ಸಂಬಳದ ಚೀಟಿಯಲ್ಲಿ ಓಟಿ ಗಂಟೆ ಕಡಿಮೆ ಕಂಡರೆ ಸಾಫ್ಟ್‌ವೇರಿನ ತಿಂಗಳ ರಿಪೋರ್ಟಿಗೆ ಒಪ್ಪಬೇಡಿ. ಈ ಲಾಗ್‌ನ ಪ್ರತಿಯನ್ನೇ ಬರವಣಿಗೆಯಲ್ಲಿ ಕೇಳಿ, ನಿಮ್ಮ ಅರ್ಜಿಯ ನಕಲಿನ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ.