ಎರಡು ಸೂತ್ರಗಳೂ ಒಂದೇ ಉತ್ತರ ಕೊಟ್ಟವು, ಎರಡೂ ತಪ್ಪು

ಕಚ್ಚಾ ತೈಲದ ಕಂಪ್ರೆಸಿಬಿಲಿಟಿ (ಒತ್ತಡ ಬದಲಾದಾಗ ಗಾತ್ರ ಎಷ್ಟು ಬದಲಾಗುತ್ತದೆ ಎಂಬುದು) ಲೆಕ್ಕಕ್ಕೆ ಯಾರಾದರೂ ಸಿದ್ಧ ಎಕ್ಸೆಲ್ ಶೀಟ್ ಕೊಟ್ಟರೆ ಮೊದಲು ತಾಪಮಾನದ ಸೆಲ್ ನೋಡಿ. ಸಲಹೆಗಾರರೊಬ್ಬರಿಂದ ನಮ್ಮ ತಂಡಕ್ಕೆ ಬಂದ ಶೀಟ್ ಸೆಲ್ಸಿಯಸ್ ಕೇಳಿ, ಅದನ್ನು ಹಾಗೇ ಸೂತ್ರಕ್ಕೆ ಸೇರಿಸುತ್ತಿತ್ತು. 1980ರ ವಾಸ್ಕೆಜ್–ಬೆಗ್ಸ್ ಸೂತ್ರಕ್ಕೆ ಬೇಕಾದದ್ದು ಫ್ಯಾರನ್‌ಹೀಟ್.

ಒಂದು ಮಾದರಿ ಲೆಕ್ಕ: ಕರಗಿದ ಅನಿಲ ಬ್ಯಾರೆಲ್‌ಗೆ 500 ಘನ ಅಡಿ, ತೈಲ 35 ಎಪಿಐ (ಹಗುರತನದ ಅಳತೆ, ಹೆಚ್ಚಿದ್ದಷ್ಟೂ ತೈಲ ಹಗುರ), ಅನಿಲದ ಗ್ರಾವಿಟಿ (ಗಾಳಿಗೆ ಹೋಲಿಸಿದ ಸಾಂದ್ರತೆ) 0.8, ಒತ್ತಡ 3000 ಪಿಎಸ್‌ಐ, ತಾಪಮಾನ 200 ಫ್ಯಾರನ್‌ಹೀಟ್. ಉತ್ತರ ಪ್ರತಿ ಪಿಎಸ್‌ಐಗೆ ದಶಲಕ್ಷದಲ್ಲಿ 13.3 ಭಾಗ. 200ರ ಜಾಗದಲ್ಲಿ ಅದರ ಸೆಲ್ಸಿಯಸ್ ಅಂಕಿ 93.3 ಹಾಕಿದರೆ 7.2. ಅದು 72 ಆಗಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರು, 7.2 ನಂಬುವಂಥದ್ದೇ.

ಶೀಟ್‌ನಲ್ಲಿ ತಾಳೆ ನೋಡಲು ಪೆಟ್ರೋಸ್ಕಿ–ಫರ್ಷಾದ್ ಸೂತ್ರವೂ ಇತ್ತು. ಮೆಕ್ಸಿಕೋ ಕೊಲ್ಲಿಯ ತೈಲಗಳಿಂದ ಕಟ್ಟಿದ್ದು, 1993ರದು. ಮೇಲಿನ ಅಂಕಿಗಳಿಗೆ ಸರಿಯಾಗಿ ಹಾಕಿದರೆ ಅದು 12.2 ಕೊಡಬೇಕು. ಆದರೆ ಅದಕ್ಕೂ ತಾಪಮಾನ ಹೋಗುತ್ತಿದ್ದುದು ಅದೇ ಸೆಲ್‌ನಿಂದ, ಹಾಗಾಗಿ 7.3. ಎರಡೂ ತಾಳೆಯಾದವು ಅಂತ ವರದಿಯಲ್ಲಿ ಹೆಮ್ಮೆಯಿಂದ ಬರೆದಿದ್ದರು!

ಪೆಟ್ಟು ಬಿದ್ದದ್ದು ಮಟೀರಿಯಲ್ ಬ್ಯಾಲೆನ್ಸ್‌ನಲ್ಲಿ, ಅಂದರೆ ಉತ್ಪಾದನೆ ಮತ್ತು ಒತ್ತಡದ ಇಳಿಕೆಯಿಂದ ನೆಲದಡಿಯ ತೈಲ ಅಂದಾಜಿಸುವ ಲೆಕ್ಕದಲ್ಲಿ. ಬಬಲ್ ಪಾಯಿಂಟ್‌ಗಿಂತ (ಕರಗಿದ ಅನಿಲ ಗುಳ್ಳೆಯಾಗಿ ಹೊರಬರಲು ಶುರುವಾಗುವ ಒತ್ತಡ) ಮೇಲಿನ ಒತ್ತಡದಲ್ಲಿ ತೈಲ ಹೊರಬರುವುದೇ ತೈಲ, ನೀರು, ಬಂಡೆಗಳ ಹಿಗ್ಗುವಿಕೆಯಿಂದ. ತೈಲ ಕಡಿಮೆ ಹಿಗ್ಗುತ್ತದೆ ಎಂದು ಲೆಕ್ಕ ನಂಬಿದರೆ, ಅಷ್ಟು ಉತ್ಪಾದನೆಗೆ ನೆಲದಡಿ ಹೆಚ್ಚು ತೈಲ ಇರಬೇಕೆಂದು ತೋರಿಸುತ್ತದೆ. ಬಂಡೆಯ ರಂಧ್ರಗಳಲ್ಲಿ ನೀರಿನ ಪಾಲು ಕಾಲುಭಾಗ, ನೀರಿನ ಕಂಪ್ರೆಸಿಬಿಲಿಟಿ ಅದೇ ಅಳತೆಯಲ್ಲಿ 3, ಬಂಡೆಯದು 4 ಎಂದಿಟ್ಟರೆ, ಈ ಮಾದರಿಯಲ್ಲಿ ನಿಕ್ಷೇಪ ಸುಮಾರು ಶೇ. 45ರಷ್ಟು ಉಬ್ಬುತ್ತದೆ. ನಮ್ಮಲ್ಲೂ ಹೀಗೇ ಉಬ್ಬಿದ ಅಂಕಿ ಮೇಲಿನವರಿಗೆ ಹೋಗಿಯಾಗಿತ್ತು. ಲ್ಯಾಬಿನ ಪಿವಿಟಿ ವರದಿ (ತೈಲದ ಮಾದರಿಯ ಒತ್ತಡ, ಗಾತ್ರ, ತಾಪಮಾನ ಅಳೆದದ್ದು) ಬಂದ ಮೇಲಷ್ಟೇ ಗುಟ್ಟು ರಟ್ಟಾಯಿತು.

ಶೀಟ್ ಕೆದಕಿದಾಗ ಇನ್ನೂ ಸಿಕ್ಕಿತು. ಈ ಎರಡು ಸೂತ್ರಗಳು ಬಬಲ್ ಪಾಯಿಂಟ್‌ಗಿಂತ ಮೇಲಕ್ಕೆ ಮಾತ್ರ. ಅದರ ಕೆಳಗೆ ಅನಿಲ ಬಿಟ್ಟುಕೊಳ್ಳಲು ಶುರುವಾಗಿ ಕಂಪ್ರೆಸಿಬಿಲಿಟಿ ಹಲವು ಪಟ್ಟು ಜಿಗಿಯುತ್ತದೆ. ಶೀಟ್ ಮಾತ್ರ ಅಲ್ಲೂ ತಣ್ಣಗೆ ಅದೇ ಸೂತ್ರ ಓಡಿಸುತ್ತಿತ್ತು. ಭಾರವಾದ ತೈಲಕ್ಕೆ ವಾಸ್ಕೆಜ್–ಬೆಗ್ಸ್ ಹಾಕುವವರು ಇದನ್ನೂ ಪರೀಕ್ಷಿಸಿ: 15 ಎಪಿಐ, ಕರಗಿದ ಅನಿಲ 50, ಗ್ರಾವಿಟಿ 0.9, ತಾಪಮಾನ 110 ಫ್ಯಾರನ್‌ಹೀಟ್. ಉತ್ತರ ಮೈನಸ್! ಒತ್ತಿದರೆ ಹಿಗ್ಗುವ ತೈಲ.

ದೂರು ಕೊಟ್ಟ ಮೇಲೆ ಹೊಸ ಶೀಟ್ ಕಳಿಸಿದರು. ಫ್ಯಾರನ್‌ಹೀಟ್ ಸರಿಯಾಗಿದೆ. ಬಬಲ್ ಪಾಯಿಂಟ್ ತಪಾಸಣೆ ಅದರಲ್ಲೂ ಇಲ್ಲ.